ಪದಚರ್ಚೆ: ನಾಯಿ-ಬೆಕ್ಕಿಗೆ ಆಂಟಿಬಯೋಟಿಕ್ ಹಾಕುವುದೋ, ಕುಡಿಸುವುದೋ, ನುಂಗಿಸುವುದೋ?

ಮಾನ್ಯರೇ,

ದಾವಣಗೆರೆಯ ಸಾಕುಪ್ರಾಣಿ ಚಿಕಿತ್ಸಾಲಯವೊಂದರಲ್ಲಿ ಔಷಧಿಯ ಜೊತೆಗೆ ಕೊಡುವ ಅಂಗೈಯಗಲದ ಚೀಟಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಹೇಳಬೇಕಾದದ್ದು ಇಷ್ಟು: ವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕ್ಕನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಕೊಡಬೇಕು, ಪ್ರಾಣಿ ಚೇತರಿಸಿಕೊಂಡಂತೆ ಕಂಡರೂ ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು, ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡರಷ್ಟು ಕೊಡಬಾರದು, ಉಳಿದದ್ದನ್ನು ಮನೆಯ ಇನ್ನೊಂದು ಪ್ರಾಣಿಗೆ ಕೊಡಬಾರದು.

ತೊಡಕಿರುವುದು ಎರಡು ಕಡೆ. ‘ಪ್ರತಿಜೈವಿಕ’, ‘ಜೀವನಿರೋಧಕ’, ‘ರೋಗನಿರೋಧಕ’ ಎಂಬ ಮೂರೂ ಪದಗಳು ಪತ್ರಿಕೆಗಳಲ್ಲಿ ಕಾಣಸಿಗುತ್ತವೆ, ಯಾವುದನ್ನು ಹಾಕಲಿ? ಇನ್ನು, ಬಾಯಿಯ ಮೂಲಕ ಕೊಡುವುದಕ್ಕೆ ಮಾತ್ರೆ, ದ್ರವ ಎರಡಕ್ಕೂ ಒಪ್ಪುವ ಒಂದೇ ಕ್ರಿಯಾಪದ ಇದೆಯೇ?

* * *

‘ಪ್ರತಿಜೈವಿಕ’ ನಿಘಂಟಿನಲ್ಲಿದೆ. ಇರುವ ಪದವನ್ನು ಬಳಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದಕ್ಕಿಂತ ಮೊದಲು ತಾವು ‘ಔಷಧಿ’ ಎಂದು ಬರೆಯುವುದನ್ನು ಬಿಡಬೇಕು. ‘ಓಷಧಿ’ ಎಂದರೆ ಗಿಡಮೂಲಿಕೆ, ಅದರಿಂದ ಆದದ್ದು ‘ಔಷಧ’. ಇವೆರಡನ್ನೂ ಕಲಸಿ ಹುಟ್ಟಿಸಿದ ‘ಔಷಧಿ’ಯನ್ನು ಅಂಗಡಿಯ ಫಲಕಗಳಲ್ಲಿ ನೋಡಿ ನೋಡಿ ಕಣ್ಣು ಸವೆದಿದೆ.

* * *

ಸಂಸ್ಕೃತದ ಹಂಗೇಕೆ? ಹಳಗನ್ನಡದ ‘ಮರ್ದು’ ಇಂದಿನ ‘ಮದ್ದು’. ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಅದೇ ಬೇರಿನವು. ದ್ರವ ಔಷಧವನ್ನು ಬಿದಿರಿನ ಕೊಳವೆಯಿಂದ ಕುಡಿಸುವುದಕ್ಕೆ ‘ಗೊಟ್ಟ ಹಾಕು’ ಎಂಬ ಮಾತು ನಮ್ಮ ಬಯಲುಸೀಮೆಯ ಪ್ರತಿ ರೈತನ ಬಾಯಲ್ಲಿದೆ, ಸಿರಿಂಜಿಗೆ ‘ಜೀರ್ಕೊಳವಿ’ ಇದೆ. ‘ನಾಯಿಗೆ ಹೊತ್ತುಹೊತ್ತಿಗೆ ಮದ್ದು ಹಾಕಿ’ ಎಂದರೆ ಮುಗಿಯಿತು. ಕನ್ನಡದಲ್ಲಿ ಪದವಿಲ್ಲವೆನ್ನುವವರು ಹುಡುಕದವರು.

* * *

ಚಿತ್ರದುರ್ಗ ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ ಬಹುಕಾಲ ಔಷಧ ಹಂಚಿದವನಾಗಿ ನಾಲ್ಕು ಮಾತು.

‘ಮದ್ದು ಹಾಕು’ ಎಂದರೆ ಕಣ್ಣಿಗೆ ಕಾಣದಂತೆ ವಿಷವಿಕ್ಕುವುದು ಅಥವಾ ವಶೀಕರಣ ಮಾಡುವುದು ಎಂದು ನಮ್ಮ ಕಡೆ ಹೆಂಗಸರಿಗೂ ಗಂಡಸರಿಗೂ ಸಮಾನವಾಗಿ ಗೊತ್ತು. ‘ನಾಯಿಗೆ ಮದ್ದು ಹಾಕಿ’ ಎಂದು ಅಚ್ಚು ಹಾಕಿಸಿದರೆ ಬೀದಿನಾಯಿ ಕೊಲ್ಲುವ ಪ್ರಕಟಣೆಯೆಂದು ಓದಿಯಾರು. ನಮ್ಮ ಕೋಟೆಯಲ್ಲಿ ಪ್ರವಾಸಿಗರಿಗೆ ತೋರಿಸುವ ಮದ್ದು ಬೀಸುವ ಕಲ್ಲುಗಳೂ ಔಷಧಾಲಯದವಲ್ಲ.

‘ಗೊಟ್ಟ’ದ ವಿಷಯ ಇನ್ನೂ ಗಂಭೀರವಾದದ್ದು. ಬಿದಿರಿನ ಗೊಟ್ಟದಲ್ಲಿ ದನಕ್ಕೆ ಔಷಧ ಹೊಯ್ಯುವವನು ಮೂಗುದಾರ ಹಿಡಿದು ಮುಖವನ್ನು ಮೇಲಕ್ಕೆತ್ತುತ್ತಾನೆ. ಆ ಪದ ಕೇಳಿದೊಡನೆ ಕೈಗೆ ನೆನಪಾಗುವುದು ಅದೇ ಭಂಗಿ. ಬೆಕ್ಕಿನ ತಲೆಯನ್ನು ಹಾಗೆ ಎತ್ತಿ ಸಿರಪ್ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು. ತಲೆ ಸಹಜ ಮಟ್ಟದಲ್ಲಿರಬೇಕು, ಸೂಜಿಯಿಲ್ಲದ ಸಿರಿಂಜಿನ ತುದಿಯನ್ನು ಕೋರೆಹಲ್ಲಿನ ಹಿಂದೆ, ಕೆನ್ನೆಯ ಪಕ್ಕದಿಂದ ತೂರಿಸಿ, ನುಂಗಲು ಬಿಡುವು ಕೊಡುತ್ತಾ ತುಸುತುಸುವೇ ಬಿಡಬೇಕು. ಆದ್ದರಿಂದ ದ್ರವಕ್ಕೆ ‘ಕುಡಿಸಿ’, ಮಾತ್ರೆಗೆ ‘ನುಂಗಿಸಿ’ ಎಂದು ಬೇರೆಬೇರೆಯಾಗಿಯೇ ಬರೆಯಿರಿ. ಎರಡಕ್ಕೂ ಒಂದೇ ಪದ ಬೇಕೆಂಬ ಹಟವೇಕೆ?

ನುಂಗಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ಕಿನ ಮಾತ್ರೆ ಅಥವಾ ಕ್ಯಾಪ್ಸೂಲು ಬೆಕ್ಕಿನ ಅನ್ನನಾಳದಲ್ಲಿ ಅಂಟಿ ನಿಂತರೆ ಅಲ್ಲಿ ಹುಣ್ಣಾಗಿ, ಮುಂದೆ ನಾಳವೇ ಕಿರಿದಾಗುವುದುಂಟು. ಹಿಂದೆಯೇ ಐದಾರು ಮಿಲಿ ನೀರನ್ನೋ ಒಂದು ತುತ್ತು ಆಹಾರವನ್ನೋ ಕೊಡಬೇಕು. ಹಾಲು, ಮೊಸರಿನಲ್ಲಿ ಬೆರೆಸುವುದು ಬೇಡ, ಅವುಗಳಲ್ಲಿರುವ ಕ್ಯಾಲ್ಸಿಯಂ ಔಷಧವನ್ನು ಕಟ್ಟಿಹಾಕುತ್ತದೆ. ‘ಪುಡಿ ಮಾಡಿ ಕೊಡಿ’ ಎಂದೂ ಎಲ್ಲದಕ್ಕೂ ಬರೆಯಲಾಗದು: ಮೆಟ್ರೋನಿಡಜೋಲನ್ನು ಪುಡಿ ಮಾಡಿದರೆ ಆ ಕಹಿಗೆ ಬೆಕ್ಕು ಬಾಯಿತುಂಬ ನೊರೆ ಸುರಿಸುತ್ತಾ ಮಂಚದಡಿ ಸೇರುತ್ತದೆ, ಮರುದಿನ ಸಿರಿಂಜು ಕಂಡರೇ ಓಡುತ್ತದೆ.

‘ಉಳಿದದ್ದನ್ನು ಇನ್ನೊಂದು ಪ್ರಾಣಿಗೆ ಕೊಡಬಾರದು’ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿ. ಎನ್ರೋಫ್ಲೋಕ್ಸಾಸಿನ್ ಬೆಕ್ಕಿಗೆ ದಿನಕ್ಕೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಮೀರಿದರೆ ಕಣ್ಣಿನ ಅಕ್ಷಿಪಟಲ ಕೆಟ್ಟು ಕುರುಡಾಗುವ ಭಯವಿದೆ. ನಾಯಿಗೆಂದು ತಂದ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡುವವರು ಇದನ್ನು ಅರಿಯರು. ‘ದಿನಕ್ಕೆ ಎರಡು ಹೊತ್ತು’ ಎಂದೂ ಬರೆಯಬೇಡಿ. ನಮ್ಮವರ ಎರಡು ಹೊತ್ತು ಬೆಳಗ್ಗೆ ಒಂಬತ್ತಕ್ಕೆ, ಸಂಜೆ ಐದಕ್ಕೆ ಮುಗಿದುಬಿಡುತ್ತದೆ. ‘12 ಗಂಟೆಗೊಮ್ಮೆ’ ಎಂದರೆ ಸಂದೇಹಕ್ಕೆ ಎಡೆಯಿಲ್ಲ.

ಇನ್ನು ‘ಪ್ರತಿಜೈವಿಕ’. ದಾವಣಗೆರೆಯ ಮೆಕ್ಕೆಜೋಳದ ರೈತನಿಗೆ ‘ಜೈವಿಕ’ ಎಂದರೆ ಗೊಬ್ಬರದ ಅಂಗಡಿಯ ಡಬ್ಬಿ. ‘ರೋಗನಿರೋಧಕ’ ಎಂದರೆ ಲಸಿಕೆಯೆಂದು ತಿಳಿದು, ಒಮ್ಮೆ ಕೊಟ್ಟರೆ ಸಾಕೆಂದು ಸುಮ್ಮನಾಗುತ್ತಾನೆ. ‘ಆಂಟಿಬಯೋಟಿಕ್’ ಎಂದರೆ ಮಾತ್ರ ಅವನಿಗೆ ನೇರವಾಗಿ ಅರ್ಥವಾಗುತ್ತದೆ.

* * *

ಅರ್ಥವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಎರವಲು ತರುತ್ತಾ ಹೋದರೆ ನಾಳೆ ‘ನುಂಗಿಸಿ’ ಎಂಬುದೂ ಉಳಿಯುವುದಿಲ್ಲ. ಪದ ಬಳಸದೆ ರೂಢಿಯಾಗುವುದು ಹೇಗೆ? ‘ದೂರವಾಣಿ’ಯನ್ನು ಕೇಳಿಯೂ ಮೊದಲು ನಕ್ಕವರೇ ಹೆಚ್ಚು.

* * *

ನಕ್ಕವರು ಈಗಲೂ ‘ಫೋನ್ ಮಾಡಿ’ ಎಂದೇ ಹೇಳುತ್ತಾರೆ. ಅಲ್ಲದೆ ‘ಆಂಟಿಬಯೋಟಿಕ್’ ಇಂಗ್ಲಿಷರ ಮನೆಯ ಸೊತ್ತೂ ಅಲ್ಲ. ಗ್ರೀಕ್ ಧಾತುಗಳ ಆ ಪದವನ್ನು ಇಂದಿನ ಅರ್ಥದಲ್ಲಿ ನೆಲೆಗೊಳಿಸಿದವರು 1940ರ ದಶಕದ ಆರಂಭದಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಸೆಲ್ಮನ್ ವಾಕ್ಸ್‌ಮನ್. ಅವರೂ ಎರವಲು ತಂದವರೇ. ಪದವನ್ನು ರೂಢಿಗೆ ತರುವ ಪ್ರಯೋಗವನ್ನು ಪಠ್ಯಪುಸ್ತಕದಲ್ಲಿ ಮಾಡೋಣ, ರೋಗಿಯ ಚೀಟಿಯಲ್ಲಿ ಬೇಡ.

* * *

ಎಲ್ಲರಿಗೂ ವಂದನೆಗಳು. ಅಚ್ಚಿಗೆ ಕಳುಹಿಸಿದ ಪಾಠ ಹೀಗಿದೆ: ‘ಈ ಆಂಟಿಬಯೋಟಿಕ್ ಔಷಧವನ್ನು 12 ಗಂಟೆಗೊಮ್ಮೆ, ವೈದ್ಯರ ಚೀಟಿಯಲ್ಲಿ ಬರೆದಷ್ಟು ದಿನ ಕೊಡಿ. ಮಾತ್ರೆಯನ್ನು ನುಂಗಿಸಿ, ಕೂಡಲೇ ಸ್ವಲ್ಪ ನೀರು ಕುಡಿಸಿ. ದ್ರವವನ್ನು ತಲೆ ಎತ್ತಿಸದೆ, ಕೆನ್ನೆಯ ಪಕ್ಕದಿಂದ ಸಿರಿಂಜಿನಲ್ಲಿ ನಿಧಾನವಾಗಿ ಕುಡಿಸಿ. ವಾಂತಿ ಮಾಡಿದರೆ ಮತ್ತೆ ಕೊಡುವ ಮುನ್ನ ವೈದ್ಯರನ್ನು ಕೇಳಿ. ಉಳಿದ ಔಷಧವನ್ನು ಇನ್ನೊಂದು ಪ್ರಾಣಿಗೆ ಕೊಡಬೇಡಿ.’ ‘ಔಷಧಿ’ಯ ಇಕಾರವನ್ನು ತೆಗೆದಿದ್ದೇನೆ.

* * *

‘ಸಿರಿಂಜ್’ ಹಾಗೆಯೇ ಉಳಿಯಿತಲ್ಲ. ‘ಜೀರ್ಕೊಳವಿ’ಗೆ ಏನಾಗಿತ್ತು?