ಮೇಕೆಗೆ ಮಂಪರಿನ ಚುಚ್ಚುಮದ್ದು: ಜೈಲಜಿನ್ ಸರಿಯೇ, ಡಯಾಜೆಪಾಮ್ ಸರಿಯೇ?

ಪ್ರಶ್ನೆ (ಶಿರಾ ತಾಲ್ಲೂಕಿನ ಮೇಕೆ ಸಾಕಣೆದಾರರು): ನಮಸ್ಕಾರ ಡಾಕ್ಟರೇ. ಹಿಂಗಾಲು ಮುರಿದಿದ್ದ ನಮ್ಮ ಮೇಕೆಗೆ ಕಟ್ಟು ಹಾಕುವ ಮೊದಲು ಜೈಲಜಿನ್ ಕೊಡಲಾಯಿತು. ಅದು ಮಲಗಿದ ಮೇಲೆ ಬಾಯಿಂದ ಜೊಲ್ಲು ಸುರಿಯಿತು, ಎಡಹೊಟ್ಟೆ ಉಬ್ಬಿತು, ಸಂಜೆಯವರೆಗೂ ಮೆಲುಕು ಹಾಕಲಿಲ್ಲ. ಈಗ ನಾಲ್ಕು ತಿಂಗಳ ಗಬ್ಬದ ಮತ್ತೊಂದು ಮೇಕೆಗೆ ಮುಳ್ಳುತಂತಿ ತಗುಲಿ ತೊಡೆ ಸೀಳಿದ್ದು, ಹೊಲಿಗೆ ಹಾಕಬೇಕಾಗಿದೆ. ಡಯಾಜೆಪಾಮ್ ಸೌಮ್ಯವೆನ್ನುತ್ತಾರೆ, ಅದನ್ನೇ ಕೊಡಿಸಬಹುದೇ?

ಉತ್ತರ (ಪಶುವೈದ್ಯರು): ನಮಸ್ಕಾರ. ಮುರಿದ ಕಾಲಿಗೆ ಜೈಲಜಿನ್ ಆರಿಸಿದ್ದು ತಪ್ಪಲ್ಲ, ಏಕೆಂದರೆ ಅದು ಮಂಪರಿನ ಜೊತೆಗೆ ನೋವನ್ನೂ ತಗ್ಗಿಸುತ್ತದೆ. ಡಯಾಜೆಪಾಮ್ ನೋವು ತಗ್ಗಿಸುವುದಿಲ್ಲ. ಆದರೆ ಜೈಲಜಿನ್ ಹೃದಯ ಬಡಿತವನ್ನು ನಿಧಾನಗೊಳಿಸುತ್ತದೆ, ರಕ್ತದಲ್ಲಿನ ಆಮ್ಲಜನಕವನ್ನು ಇಳಿಸುತ್ತದೆ, ಇನ್ಸುಲಿನ್ ತಡೆದು ಸಕ್ಕರೆ ಏರಿಸುತ್ತದೆ, ಮೂತ್ರ ಹೆಚ್ಚಿಸುತ್ತದೆ. ನೀವು ಕಂಡ ಉಬ್ಬರಕ್ಕೆ ಕಾರಣ, ಮೆಲುಕುಹೊಟ್ಟೆಯ ಚಲನೆ ನಿಂತು ಒಳಗಿನ ಅನಿಲ ತೇಗಿನಲ್ಲಿ ಹೊರಬಾರದೆ ಉಳಿಯುವುದು.

ಪ್ರಮಾಣದ ವಿಷಯದಲ್ಲಿ ನಾನು ಬಹಳ ಒತ್ತಿ ಹೇಳಬೇಕಾಗಿದೆ. ಕುದುರೆಗೆ ಕೆ.ಜಿ.ಗೆ ಸುಮಾರು 1 ಮಿ.ಗ್ರಾಂ ಕೊಡುವ ಈ ಔಷಧಿ ಮೇಕೆಗೆ 0.05ರಿಂದ 0.1 ಮಿ.ಗ್ರಾಂ ಸಾಕು. ಅಂದರೆ 30 ಕೆ.ಜಿ. ಮೇಕೆಗೆ ಹೆಚ್ಚೆಂದರೆ 3 ಮಿ.ಗ್ರಾಂ, ಮಿ.ಲೀ.ಗೆ 20 ಮಿ.ಗ್ರಾಂ ಇರುವ ಸೀಸೆಯಲ್ಲಿ ಅದು 0.15 ಮಿ.ಲೀ., 100 ಮಿ.ಗ್ರಾಂ ಸೀಸೆಯಲ್ಲಿ ಕೇವಲ 0.03 ಮಿ.ಲೀ. ಅಂದಾಜಿನ ತೂಕದಲ್ಲಿ, ದೊಡ್ಡ ಸಿರಿಂಜಿನಲ್ಲಿ ಇದನ್ನು ಅಳೆಯುವುದು ಅಪಾಯಕರ. ಪರಿಣಾಮ ಅತಿಯಾದರೆ ಯೊಹಿಂಬಿನ್ ಅಥವಾ ಅಟಿಪಮೆಜೋಲ್ ಎಂಬ ಪ್ರತ್ಯೌಷಧಗಳಿವೆ.

ನಿಮ್ಮ ಗಬ್ಬದ ಮೇಕೆಗೆ ಜೈಲಜಿನ್ ಬೇಡ. ಅದು ಗರ್ಭಕೋಶವನ್ನು ಸಂಕುಚಿಸುತ್ತದೆ. ಸುಮಾರು 150 ದಿನಗಳ ಗರ್ಭದಲ್ಲಿ ನಾಲ್ಕು ತಿಂಗಳು ಕಳೆದಿರುವಾಗ ಆ ಅಪಾಯಕ್ಕೆ ಒಡ್ಡಬಾರದು. ಪಶುವೈದ್ಯರು ಡಯಾಜೆಪಾಮನ್ನು ಕಡಿಮೆ ಪ್ರಮಾಣದಲ್ಲಿ, ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು, ಗಾಯದ ಸುತ್ತ ಆ ಜಾಗವನ್ನು ಮಾತ್ರ ಮರಗಟ್ಟಿಸುವ ಲಿಗ್ನೋಕೇನ್ ಹಾಕಿ ಹೊಲಿಯಬಹುದು. ಡಯಾಜೆಪಾಮ್ ಸ್ನಾಯುಗಳನ್ನು ಸಡಿಲಿಸುತ್ತದೆ, ಹೃದಯದ ಮೇಲೆ ಅದರ ಹೊರೆ ಕಡಿಮೆ. ಆದರೆ ಮಾಂಸಕ್ಕೆ ಚುಚ್ಚಿದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಲಿಗ್ನೋಕೇನ್ ಕೂಡ ಅತಿಯಾದರೆ ಮೇಕೆಗೆ ಸೆಳವು ಬರುತ್ತದೆ. ಗಾಯ ಹಳೆಯದಾಗುವ ಮುನ್ನ, ಇಂದೇ ಕರೆದೊಯ್ಯಿರಿ.

ಪ್ರಶ್ನೆ (ಚಿಂತಾಮಣಿಯಿಂದ): ಸರ್, ಗೊರಸು ಕತ್ತರಿಸಲು ಬಿಡದ ಹೋತಕ್ಕೆ ಎಸಿಪ್ರೊಮಜಿನ್ ಎಂಬ ಮಂಪರು ಔಷಧಿ ಕೊಡಬಹುದೇ?

ಉತ್ತರ: ನಾನು ಕೊಡುವುದಿಲ್ಲ. ಅದು ರಕ್ತನಾಳಗಳನ್ನು ಹಿಗ್ಗಿಸಿ ರಕ್ತದೊತ್ತಡ ಇಳಿಸುತ್ತದೆ, ನೋವು ತಗ್ಗಿಸುವುದಿಲ್ಲ, ಅದಕ್ಕೆ ಪ್ರತ್ಯೌಷಧವೂ ಇಲ್ಲ. ಹೋತಗಳಲ್ಲಿ ಶಿಶ್ನ ಹೊರಬಂದು ಗಾಯವಾಗುವ ಭಯ ಬೇರೆ. ಗೊರಸಿಗೆ ಇಬ್ಬರು ಗಟ್ಟಿಯಾಗಿ ಹಿಡಿದರೆ ಸಾಮಾನ್ಯವಾಗಿ ಸಾಕು.

ಯಾವ ಮಂಪರು ಔಷಧಿ ಕೊಟ್ಟರೂ ಮೇಕೆಯನ್ನು ಎದೆಯ ಮೇಲೆ ಕೂರಿಸಿ, ಕುತ್ತಿಗೆಯ ಕೆಳಗೆ ಗೋಣಿಚೀಲದ ಸುರುಳಿ ಇಟ್ಟು, ಜೊಲ್ಲು ಹೊರಹೋಗುವಂತೆ ಬಾಯಿಯನ್ನು ಕೆಳಮುಖವಾಗಿಡಿ. ಪೂರ್ತಿ ಎಚ್ಚರವಾಗುವವರೆಗೆ ಮೇವು, ನೀರು ಕೊಡಬೇಡಿ. ಹಾಲು ಮತ್ತು ಮಾಂಸವನ್ನು ಎಷ್ಟು ದಿನ ಬಳಸಬಾರದೆಂದು ಚುಚ್ಚುಮದ್ದು ಕೊಟ್ಟವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.