ದಿನಕ್ಕೆ ಮೂರು ಒಳ್ಳೆಯದು ಬರೆಯುತ್ತಿದ್ದೇನೆ, ಮನಸ್ಸು ಮಾತ್ರ ಹಾಗೇ ಇದೆ

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಯುಗಾದಿ ಆಗಿ ಎರಡು ವಾರಕ್ಕೆ ನನ್ನ ಅಮ್ಮ ತೀರಿಕೊಂಡರು, ಈಗ ನಾಲ್ಕು ತಿಂಗಳಾಯ್ತು. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಕೆಲಸಕ್ಕೆ ಹೋಗ್ತೀನಿ, ಅಡುಗೆ ಮಾಡ್ತೀನಿ, ಎಲ್ಲಾ ನಡೆಯುತ್ತಿದೆ. ಆದರೆ ಯಾವುದರಲ್ಲೂ ರುಚಿ ಇಲ್ಲ.

ಗೆಳತಿಯೊಬ್ಬಳು ಹೇಳಿದಳು, ದಿನಾ ರಾತ್ರಿ ಮಲಗುವ ಮುಂಚೆ ಅವತ್ತು ಆದ ಮೂರು ಒಳ್ಳೆಯ ಸಂಗತಿ ಬರಿ, ಸಂತೋಷ ಜಾಸ್ತಿ ಆಗುತ್ತೆ ಅಂತ. ಮಗಳ ಹಳೇ ನೋಟ್‌ಬುಕ್‌ನಲ್ಲಿ ಉಳಿದ ಹಾಳೆಗಳಲ್ಲಿ ಬರೆಯಲು ಶುರು ಮಾಡಿದೆ. ಮೊದಲ ನಾಲ್ಕೈದು ದಿನ ಹಿತ ಅನ್ನಿಸಿತು. ಈಗ 19 ದಿನ ಆಯ್ತು. ನಿನ್ನೆ ಬರೆದದ್ದು ಇಷ್ಟು: "ಕಾಫಿ ಚೆನ್ನಾಗಿತ್ತು. ಕರೆಂಟ್ ಹೋಗಲಿಲ್ಲ. ಮಗಳು ಪೂರ್ತಿ ಊಟ ಮಾಡಿದಳು." ಮೊನ್ನೆಯೂ ಹೆಚ್ಚೂಕಮ್ಮಿ ಇದೇ. ಪೆನ್ನು ಹಿಡಿದರೆ ಅಂಗಡಿಯ ಲೆಕ್ಕವನ್ನೇ ಮನೆಯಲ್ಲೂ ಬರೆದ ಹಾಗೆ ಆಗುತ್ತಿದೆ.

ನಾನು ತಪ್ಪು ಮಾಡ್ತಿದ್ದೀನಾ? ಅಥವಾ ಇದು ನನ್ನಂಥವರಿಗೆ ಆಗಿ ಬರುವುದಿಲ್ವಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1 (ತೀರ್ಥಹಳ್ಳಿ, ಶಾಲಾ ಶಿಕ್ಷಕಿ)

ಮೊದಲು, ಅಮ್ಮನ ವಿಷಯ ಓದಿ ಬೇಜಾರಾಯ್ತು. ನಾಲ್ಕು ತಿಂಗಳು ಅನ್ನುವುದು ಏನೂ ಅಲ್ಲ.

ನಿಮ್ಮ ಗೆಳತಿ ಅರ್ಧ ಹೇಳಿದ್ದಾರೆ, ಇನ್ನರ್ಧ ಬಿಟ್ಟುಹೋಗಿದೆ. ಈ ಅಭ್ಯಾಸವನ್ನು ಪರೀಕ್ಷೆ ಮಾಡಿ ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಅವರ ಜೊತೆಗಾರರು, 2005ರಲ್ಲಿ. ಒಂದು ವಾರ ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆಯಿರಿ, ಪ್ರತಿಯೊಂದರ ಮುಂದೆ ಅದು ಯಾಕೆ ಆಯ್ತು ಅಂತಲೂ ಬರೆಯಿರಿ ಅಂದಿದ್ದರು. ಆ "ಯಾಕೆ" ನಿಮ್ಮ ಪುಸ್ತಕದಲ್ಲಿ ಇಲ್ಲ. ಇನ್ನೊಂದು ವಿಷಯ: ಬರೆದವರಲ್ಲಿ ವ್ಯತ್ಯಾಸ ಕಾಣಿಸಿದ್ದು ಆ ವಾರ ಮುಗಿದ ತಕ್ಷಣ ಅಲ್ಲ, ಒಂದು ತಿಂಗಳ ಮೇಲೆ. ಆರು ತಿಂಗಳ ನಂತರ ನೋಡಿದಾಗಲೂ ಅದು ಉಳಿದಿತ್ತು, ಅದರಲ್ಲೂ ಯಾರೂ ಹೇಳದೆ ತಾವಾಗಿಯೇ ಮುಂದುವರಿಸಿದವರಲ್ಲಿ. ಹಾಗಾಗಿ 19 ದಿನಕ್ಕೆ ತೀರ್ಮಾನ ಮಾಡಬೇಡಿ.

ನನ್ನದೇ ಒಂದು ಸಾಲು ಹೇಳ್ತೀನಿ. ಹೋದ ವಾರ ಬರೆದದ್ದು: "ಪಕ್ಕದ ಮನೆಯವರು ಹಲಸಿನ ಹಪ್ಪಳ ಕೊಟ್ಟರು." ಅಷ್ಟಕ್ಕೇ ನಿಲ್ಲಿಸಿದ್ದರೆ ನಿಮ್ಮ ಕಾಫಿಯ ಹಾಗೇ ಆಗುತ್ತಿತ್ತು. ಯಾಕೆ ಕೊಟ್ಟರು ಅಂತ ಕೂತು ಯೋಚಿಸಿದೆ. ಮೇ ತಿಂಗಳಲ್ಲಿ ಅವರು ಅಂಗಳದಲ್ಲಿ ಹಪ್ಪಳ ಒಣಹಾಕಿ ಪೇಟೆಗೆ ಹೋಗಿದ್ದರು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ. ನಾನು ಓಡಿಹೋಗಿ ಚಾಪೆ ಸಮೇತ ಜಗಲಿಗೆ ಎಳೆದುಹಾಕಿದ್ದೆ. ನನಗೆ ಅದು ಮರೆತೇ ಹೋಗಿತ್ತು, ಅವರಿಗೆ ನೆನಪಿತ್ತು. ಇದು ಹೊಳೆದಾಗ ಕಣ್ಣು ತುಂಬಿತು. ಮಾರನೇ ದಿನ ಡಬ್ಬಿ ಖಾಲಿ ಕೊಡಬಾರದು ಅಂತ ಹಿತ್ತಲಿನ ನಾಲ್ಕು ನಿಂಬೆಹಣ್ಣು ಹಾಕಿ ಕೊಟ್ಟು ಬಂದೆ, ಬಾಗಿಲಲ್ಲೇ ಅರ್ಧ ಗಂಟೆ ಮಾತಾಡಿದೆವು.

"ಕರೆಂಟ್ ಹೋಗಲಿಲ್ಲ" ಅನ್ನುವಂಥದ್ದು ಬೇಡ. ಆಗದೇ ಇದ್ದದ್ದನ್ನು ಬಿಟ್ಟು ಆದದ್ದನ್ನು ಬರೆಯಿರಿ. ಸಾಧ್ಯವಾದರೆ ಅದರಲ್ಲಿ ಒಬ್ಬ ಮನುಷ್ಯ ಇರಲಿ.

ಉತ್ತರ 2 (ಮೈಸೂರು)

ಮೇಲಿನವರು ಹೇಳಿದ್ದು ಸರಿ. ಒಂದೇ ಮಾತು ಸೇರಿಸ್ತೀನಿ. ದಿನಾ ಬರೆಯಲೇಬೇಕು ಅಂತೇನಿಲ್ಲ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ತಂಡ ಆರು ವಾರ ಎರಡು ಗುಂಪುಗಳನ್ನು ನೋಡಿತ್ತು. ವಾರಕ್ಕೆ ಒಂದು ಸಲ ಬರೆದವರಿಗೆ ಉಪಯೋಗ ಆಯ್ತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ದಿನಾ ಹೋಳಿಗೆ ತಿಂದರೆ ಅದೂ ಸಾಕಾಗುತ್ತೆ, ಅಲ್ವಾ? ನಾನು ಭಾನುವಾರ ರಾತ್ರಿ ಮಾತ್ರ ಬರೆಯೋದು. ವಾರವೆಲ್ಲ ಸುಮ್ನೆ ಗಮನ ಇಟ್ಟಿರ್ತೀನಿ.

ಉತ್ತರ 3 (ಕಲಬುರಗಿ)

ನನಗೆ ನಿಮ್ಮ ಮಾತಲ್ಲಿ ತಟ್ಟಿದ್ದು "ಯಾವುದರಲ್ಲೂ ರುಚಿ ಇಲ್ಲ" ಅನ್ನುವುದು. ನನ್ನ ಯಜಮಾನರು ತೀರಿಕೊಂಡ ವರ್ಷ ನಾನೂ ಹಾಗೇ ಇದ್ದೆ. ನಗಬೇಕು, ಸಂತೋಷವಾಗಿರಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ನನಗೆ ಬೇಕಾಗಿದ್ದು ಅಳುವಾಗ ಪಕ್ಕದಲ್ಲಿ ಕೂರುವವರು. ಅಮ್ಮನಿಗಾಗಿ ಅಳುವುದನ್ನು ಈ ಪುಸ್ತಕ ನಿಲ್ಲಿಸಬೇಕು ಅಂತ ಕಾಯಬೇಡಿ. ಅದರ ಕೆಲಸ ಅದಲ್ಲ.

ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಇರ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಮಾತಾಡಿದ್ದೇನೆ, ಅದಕ್ಕೇ ಹೇಳ್ತಿರೋದು.

ಪ್ರಶ್ನೆ ಕೇಳಿದವರು

ಮೂವರಿಗೂ ತುಂಬಾ ಧನ್ಯವಾದ. ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ಇವತ್ತು ಬರೆದೆ, ಒಂದೇ ಒಂದು. ಹಾಗೇ ಇಲ್ಲಿ ಹಾಕ್ತೀನಿ.

"ದುಗ್ಗಮ್ಮನ ಗುಡಿ ಹತ್ತಿರ ಹೂವಿನಾಕೆ ಒಂದು ಮೊಳ ಜಾಸ್ತಿ ಕೊಟ್ಟಳು. ಯಾಕೆ: ಅಮ್ಮ ಎಷ್ಟೋ ವರ್ಷದಿಂದ ಪ್ರತಿ ಮಂಗಳವಾರ ಅವಳ ಹತ್ತಿರವೇ ಕೊಳ್ಳುತ್ತಿದ್ದರು, ಚೌಕಾಸಿ ಮಾಡುತ್ತಿರಲಿಲ್ಲ. 'ಅಮ್ಮ ಬಾಳ ದಿನ ಆತು, ಕಾಣಲೇ ಇಲ್ಲ' ಅಂದಳು. ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ದಾರವನ್ನು ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದು ಒಂದು ಮೊಳ ಅಳೆದು, ಇನ್ನೊಂದು ಮೊಳ ಅಳೆದು, ಕತ್ತರಿಸಿ, ಬಾಳೆ ಎಲೆಯಲ್ಲಿ ಬೇರೆಯಾಗಿ ಕಟ್ಟಿದಳು. 'ಇದು ಫೋಟೋಕ್ಕೆ, ರೊಕ್ಕ ಬ್ಯಾಡ' ಅಂದಳು."

ಇದನ್ನು ಬರೆಯುವಾಗ ಅತ್ತೆ. ಆದರೆ ಲೆಕ್ಕ ಬರೆದ ಹಾಗೆ ಅನ್ನಿಸಲಿಲ್ಲ. ಇನ್ನು ಮುಂದೆ ಭಾನುವಾರ ಮಾತ್ರ ಬರೆಯೋಣ ಅಂತಿದ್ದೀನಿ. ಕಲಬುರಗಿ ಅಕ್ಕಾ, ಆ ನಂಬರನ್ನು ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟುಕೊಂಡೆ.