10 ಅಡಿಗೆ 1 ಇಂಚು, 20 ಅಡಿಗೆ 17 ಇಂಚು: ದೋಟಿ ಯಾಕೆ ಇಷ್ಟು ಬಾಗುತ್ತದೆ?

ತೋಟದಮನೆ, ತೀರ್ಥಹಳ್ಳಿ:
ನಮ್ಮದು ಎರಡು ಎಕರೆ ಅಡಿಕೆ ತೋಟ. ಕೊನೆ (ಅಡಿಕೆ ಗೊಂಚಲು) ತೆಗೆಯಲು ಬರುವವರಿಗೆ ಅರವತ್ತು ದಾಟಿದೆ, ಮಂಡಿ ನೋವು. ಈ ಸಲ ಅವರನ್ನು ಮರ ಹತ್ತಿಸಬಾರದು ಅಂತ ನಾನೇ ದೋಟಿ, ಅಂದರೆ ನೆಲದಲ್ಲೇ ನಿಂತು ಕೊನೆ ಕೊಯ್ಯಲು ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು, ಮಾಡಲು ಹೊರಟೆ. ಒಂದೂವರೆ ಇಂಚಿನ ಅಲ್ಯೂಮಿನಿಯಂ ಪೈಪು, ದಪ್ಪ 2 ಮಿ.ಮೀ. ಎತ್ತುವ ಮೊದಲು ಜಗಲಿ ಮೇಲೆ ಮಲಗಿಸಿ, ಒಂದು ತುದಿಗೆ ಅಡಿಕೆ ಮೂಟೆ ಹೇರಿ, ಇನ್ನೊಂದನ್ನು ಅಂಗಳದ ಕಡೆ ಚಾಚಿದೆ. 10 ಅಡಿ ಚಾಚಿದಾಗ ತುದಿ 1 ಇಂಚು ಜೋತಿತು. ಇನ್ನೊಂದು ತುಂಡು ಸೇರಿಸಿ 20 ಅಡಿ ಮಾಡಿದೆ. 2 ಇಂಚು, ಜಾಸ್ತಿ ಅಂದರೆ 3 ಅಂದುಕೊಂಡಿದ್ದೆ. ಟೇಪು ಹಿಡಿದರೆ 17! ಮಗಳು ಮತ್ತೆ ಅಳೆದಳು, ಅಷ್ಟೇ ಬಂತು. ನಮ್ಮ ಮರಗಳು 50 ಅಡಿ ಇವೆ. ಪೈಪೇ ಸರಿಯಿಲ್ವಾ? ಪಕ್ಕದ ಮನೆ ಭಾವ ಕಬ್ಬಿಣದ್ದು ಹಾಕು ಅಂತಾರೆ.

ಮೆಕ್ಯಾನಿಕಲ್ ಮೇಷ್ಟ್ರು, ಶಿವಮೊಗ್ಗ:
ಪೈಪೂ ಸರಿ, ಅಳತೆಯೂ ಸರಿ. ಉದ್ದ ಎರಡರಷ್ಟಾದರೆ ಸ್ವಂತ ಭಾರಕ್ಕೆ ಆಗುವ ಜೋಲು 2×2×2×2, ಅಂದರೆ 16 ಪಟ್ಟು. ಉಳಿದ 1 ಇಂಚು ಜೋಡಣೆಯ ಸಡಿಲ ಇರಬೇಕು.

ಕಬ್ಬಿಣ ಬೇಡ. ಅದು ಸುಮಾರು ಮೂರು ಪಟ್ಟು ಬಿಗಿ ನಿಜ, ಆದರೆ ಭಾರವೂ ಸುಮಾರು ಮೂರು ಪಟ್ಟು. ಅದೇ ಅಳತೆಯ ಪೈಪಿನಲ್ಲಿ ಜೋಲು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಹೆಗಲು ಸೋಲುತ್ತದೆ.

ನನಗೆ ಭಯ ಇರುವುದು ನೆಟ್ಟಗೆ ನಿಲ್ಲಿಸಿದ ಮೇಲೆ. ಕಂಬ ಎಷ್ಟು ಎತ್ತರಕ್ಕೆ ಹೋದರೆ ಸ್ವಂತ ಭಾರಕ್ಕೇ ಬಳುಕಿ ಬೀಳುತ್ತದೆ ಅನ್ನುವ ಲೆಕ್ಕವನ್ನು ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ 1881ರಲ್ಲೇ ಮಾಡಿದ್ದಾರೆ. ನಿಮ್ಮ ಪೈಪು ಹಾಕಿ ನೋಡಿದೆ: ಬುಡ ಅಲುಗದ ಹಾಗೆ ಹೂತರೂ ಸುಮಾರು 49 ಅಡಿ. ಅದರ ಮೇಲೆ ಕತ್ತಿಯ ಭಾರ. ನೀವು ಹಿಡಿಯುವುದು ಕೈಯಲ್ಲಿ, ಹೂತದ್ದಲ್ಲ. ದಯವಿಟ್ಟು ಇದನ್ನು 50 ಅಡಿಗೆ ಎತ್ತಬೇಡಿ.

ಅಗಲದ ಪೈಪು ತನ್ನಿ. ಅಷ್ಟೇ ಲೋಹದಲ್ಲಿ ಅಡ್ಡಳತೆ ಎರಡರಷ್ಟು, ದಪ್ಪ ಅರ್ಧ ಮಾಡಿದರೆ ಬಿಗಿ ನಾಲ್ಕು ಪಟ್ಟಾಗುತ್ತದೆ. ನಮ್ಮ ಅಡಿಕೆ ಮರವೂ ಹಾಗೇ ಅಲ್ವಾ? ಗಟ್ಟಿಯೆಲ್ಲ ಹೊರಗೆ, ಒಳಗೆ ಮೆತ್ತಗೆ.

ಸಾಗರದ ಕೃಷಿಕ:
ಮೇಷ್ಟ್ರೇ, ತೀರಾ ತೆಳು ಆದರೂ ಕಷ್ಟ. ನಾನು ಅಂಥದ್ದೇ ಒಂದು ತಂದಿದ್ದೆ. ಎತ್ತುವಾಗ ನಡುವೆ ಚಪ್ಪಟೆಯಾಗಿ ಪಟ್ ಅಂತ ಮಡಚಿಕೊಂಡಿತು. ಅಪ್ಪನ ಬಿದಿರು ದೋಟಿ ಹಾಗೆ ಮಡಚಿದ್ದು ಕಂಡಿಲ್ಲ.

ಮೆಕ್ಯಾನಿಕಲ್ ಮೇಷ್ಟ್ರು:
ಹೌದು, ಅದನ್ನು ಹೇಳಲು ಮರೆತೆ. ಬಾಗಿದ ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗಿ ಬಿಗಿ ಕಳೆದುಕೊಳ್ಳುತ್ತದೆ. ಬ್ರೇಜಿಯರ್ ಅನ್ನುವ ಸಂಶೋಧಕರು 1927ರಲ್ಲಿ ಇದನ್ನು ವಿವರಿಸಿದರು. ಬಿದಿರಿನ ಗೆಣ್ಣಿನ ಒಳಗಿನ ತಡೆ ಅದನ್ನು ದುಂಡಗೆ ಹಿಡಿದಿಡುತ್ತದೆ. 50 ಅಡಿಗಾದರೆ ಕಾರ್ಬನ್ ಫೈಬರ್ ದೋಟಿಯೇ ವಾಸಿ. ತೂಕ ಅಲ್ಯೂಮಿನಿಯಂನ ನೂರಕ್ಕೆ 60ರಷ್ಟು, ನಾರು ಉದ್ದಕ್ಕೆ ಹಾಸಿದ್ದರೆ ಬಿಗಿಯೂ ಜಾಸ್ತಿ. ಮಲಗಿಸಿ ಉದ್ದ ಮಾಡಿ ಎತ್ತಬೇಡಿ. ನಿಲ್ಲಿಸಿಕೊಂಡೇ ಒಂದೊಂದು ತುಂಡು ಮೇಲೆ ತಳ್ಳಿ. ಮತ್ತೆ, ಕಾರ್ಬನ್ನಿನಲ್ಲೂ ಕರೆಂಟ್ ಹರಿಯುತ್ತದೆ. ತಂತಿಯ ಹತ್ತಿರ ಒಯ್ಯಲೇಬೇಡಿ.

ತೋಟದಮನೆ:
ಉಪಕಾರ ಆಯಿತು. ಈ ಪೈಪನ್ನು 20 ಅಡಿಯ ಎಳೆ ಮರಗಳಿಗೆ ಇಟ್ಟುಕೊಳ್ಳುತ್ತೇನೆ. ಎತ್ತರದ್ದಕ್ಕೆ ಕಾರ್ಬನ್ ದೋಟಿ ಬಾಡಿಗೆಗೆ ಕೇಳಿದ್ದೇನೆ. ಪಂಪ್‌ಸೆಟ್ಟಿನ ತಂತಿ ಮೇಲಿನ ಸಾಲಿನ ಪಕ್ಕದಲ್ಲೇ ಹೋಗಿದೆ. ಅಲ್ಲಿರುವ ಎಂಟು ಮರಗಳನ್ನು ಲೈನ್ ಆಫ್ ಮಾಡಿಸದೆ ಮುಟ್ಟುವುದಿಲ್ಲ.